ಬಾವಿ ನೀರಿನ ಡೇಟಾ ನಿಜಕ್ಕೂ ಮುಕ್ತವಾಗಬೇಕಾದರೆ

ಪ್ರಶ್ನೆ: ನಮ್ಮದು ಅಂತರ್ಜಲದ ಲೆಕ್ಕ ಇಡುವ ಸರ್ಕಾರಿ ಕಚೇರಿ. 340 ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ಪ್ರತಿ ತಿಂಗಳು, ನೀರಿನ ಗುಣಮಟ್ಟವನ್ನು ವರ್ಷಕ್ಕೆರಡು ಸಲ ದಾಖಲಿಸುತ್ತೇವೆ. 12 ವರ್ಷಗಳ ವರದಿಗಳೆಲ್ಲ ಪಿಡಿಎಫ್ ರೂಪದಲ್ಲಿ ನಮ್ಮ ಜಾಲತಾಣದಲ್ಲಿವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಈಚೆಗೆ ಒಂದು ಕಂಪನಿ ಇದನ್ನು ತನ್ನ ಕೃಷಿ ಆ್ಯಪ್‌ನಲ್ಲಿ ಬಳಸಲು ಅನುಮತಿ ಕೇಳಿದೆ. ಮೇಲಧಿಕಾರಿಗಳು "ಡೇಟಾ ಮುಕ್ತ ಮಾಡೋಣ, ಆದರೆ ಲಾಭಕ್ಕೆ ಬಳಸುವುದು ಬೇಡ" ಎನ್ನುತ್ತಾರೆ. ಏನು ಮಾಡಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕಂಪನಿಯವರು ನಿಮ್ಮ ಅನುಮತಿ ಕೇಳಬೇಕಾಗಿ ಬಂತಲ್ಲ, ನಿಮ್ಮ ಡೇಟಾ ಇನ್ನೂ ಮುಕ್ತವಾಗಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಇಳಿಸಿಕೊಳ್ಳಲು ಸಿಗುವುದು ಬೇರೆ, ಬಳಸುವ ಹಕ್ಕು ಸಿಗುವುದು ಬೇರೆ. ಯಾರು ಬೇಕಾದರೂ, ಯಾವ ಉದ್ದೇಶಕ್ಕೆ ಬೇಕಾದರೂ, ಯಾರ ಅಪ್ಪಣೆಗೂ ಕಾಯದೆ ಬಳಸಲು, ಬದಲಿಸಲು, ಮತ್ತೆ ಹಂಚಲು ಬಂದರೆ ಮಾತ್ರ ಅದು ಮುಕ್ತ ಡೇಟಾ. ಹೆಚ್ಚೆಂದರೆ ಮೂಲದ ಹೆಸರು ಹೇಳಬೇಕು, ಇಲ್ಲವೇ ಬದಲಿಸಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು ಎಂಬ ಕರಾರು ಇರಬಹುದು. 2007ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್‌ನಲ್ಲಿ ಸೇರಿದ್ದವರು ಸರ್ಕಾರಿ ಡೇಟಾಕ್ಕೆ 8 ತತ್ವಗಳನ್ನು ಬರೆದಿಟ್ಟರು: ಪೂರ್ಣವಾಗಿರಬೇಕು, ಮೂಲರೂಪದಲ್ಲಿರಬೇಕು, ಸಕಾಲಕ್ಕೆ ಸಿಗಬೇಕು, ಎಲ್ಲರಿಗೂ ಎಟುಕಬೇಕು, ಯಂತ್ರಕ್ಕೆ ಓದಲು ಬರಬೇಕು, ಪಡೆಯುವವರಲ್ಲಿ ಭೇದ ಮಾಡಬಾರದು, ಒಬ್ಬರ ಹಿಡಿತದಲ್ಲಿರುವ ಫಾರ್ಮ್ಯಾಟ್ ಆಗಬಾರದು, ಪರವಾನಗಿಯ ತಡೆ ಇರಬಾರದು. ಯಂತ್ರ ಓದುವುದು, ಮೂಲರೂಪ, ಪರವಾನಗಿ, ಈ ಮೂರರಲ್ಲಾದರೂ ನಿಮ್ಮ ಪಿಡಿಎಫ್‌ಗಳು ಎಡವುತ್ತವೆ.

ಮೊದಲು ಪರವಾನಗಿ. ಏನನ್ನೂ ಬರೆಯದೆ ಬಿಟ್ಟರೆ ಎಲ್ಲರಿಗೂ ಬಿಟ್ಟುಕೊಟ್ಟಂತೆ ಎಂದು ಬಹಳಷ್ಟು ಕಚೇರಿಗಳು ನಂಬಿವೆ. ಕಾನೂನು ಹಾಗೆ ಹೇಳುವುದಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ ಆ ದೇಶದಲ್ಲಿ ಕಾಪಿರೈಟ್ ಇಲ್ಲ, ನಿಜ. ಆದರೆ ಭಾರತದ ಕಾಯ್ದೆಯ ಪ್ರಕಾರ ಸರ್ಕಾರಿ ಕೃತಿಗೆ ಪ್ರಕಟವಾದ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಇದಲ್ಲದೆ ಡೇಟಾಬೇಸ್‌ಗೇ ಪ್ರತ್ಯೇಕವಾಗಿ 15 ವರ್ಷದ ಹಕ್ಕು ಉಂಟು. 'ಇಂಥ ದಿನ ಇಂಥ ಬಾವಿಯಲ್ಲಿ ನೀರು 18.35 ಮೀಟರ್ ಆಳದಲ್ಲಿತ್ತು' ಎಂಬ ಬರೀ ಸಂಗತಿಗೆ ಕಾಪಿರೈಟ್ ಇಲ್ಲ. ದೂರವಾಣಿ ಡೈರೆಕ್ಟರಿಯೊಂದರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಆದರೆ ಸಂಗತಿಗಳ ಆಯ್ಕೆ, ಜೋಡಣೆ, ಟಿಪ್ಪಣಿ, ನಕ್ಷೆ ಇವಕ್ಕೆಲ್ಲ ಹಕ್ಕು ಇರಬಹುದು. ಬಳಸುವವರಿಗೆ ಎಲ್ಲಿ ಯಾವ ಗೆರೆ ಎಂದು ತಿಳಿಯುವುದಿಲ್ಲ. ಹಾಗಾಗಿ ಎಚ್ಚರವಿರುವವರು ಮುಟ್ಟುವುದೇ ಇಲ್ಲ. ಒಂದು ಸಾಲಿನ ಪರವಾನಗಿ ಈ ಗೊಂದಲವನ್ನೆಲ್ಲ ತೀರಿಸುತ್ತದೆ.

ಈಗ ನಿಮ್ಮ ಮೇಲಧಿಕಾರಿಗಳ ಮಾತು. ಲಾಭಕ್ಕೆ ಬಳಸಬಾರದು ಎಂಬ ಷರತ್ತು ಹಾಕಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಆ ಷರತ್ತು ಬಿದ್ದ ಕೂಡಲೇ ಅದು ಮುಕ್ತ ಡೇಟಾ ಎನಿಸಿಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಲಾಭ ಎಲ್ಲಿ ಶುರುವಾಗುತ್ತದೆ ಎಂದು ಹೇಳಲು ಯಾರಿಗೂ ಬರುವುದಿಲ್ಲ. ಜಾಹೀರಾತು ಹಾಕುವ ಪತ್ರಿಕೆ ನಿಮ್ಮ ಅಂಕಿಗಳಿಂದ ಬರಗಾಲದ ನಕ್ಷೆ ಮಾಡಿದರೆ ಅದು ವಾಣಿಜ್ಯವೇ? ಕಂಪನಿಯ ಧನಸಹಾಯದಲ್ಲಿ ನಡೆಯುವ ವಿಶ್ವವಿದ್ಯಾಲಯದ ಸಂಶೋಧನೆ? ರೈತರಿಂದ ಶುಲ್ಕ ಪಡೆದು ಬಾವಿ ತೋಡಲು ಜಾಗ ತೋರಿಸುವ ಭೂವಿಜ್ಞಾನಿ? ದೊಡ್ಡ ಕಂಪನಿಗೆ ವಕೀಲರಿರುತ್ತಾರೆ, ಅದು ದಾರಿ ಹುಡುಕಿಕೊಳ್ಳುತ್ತದೆ. ಹೆದರಿ ಬಿಟ್ಟುಬಿಡುವವರು ಸಣ್ಣವರೇ, ಮತ್ತು ಡೇಟಾ ತಲುಪಬೇಕಾದದ್ದೂ ಅವರಿಗೇ.

ಇಂಥ ಮಾತಿನ ಹಿಂದೆ ಸಾಮಾನ್ಯವಾಗಿ ಎರಡು ಭಯ ಇರುತ್ತವೆ: ಕಂಪನಿ 'ಸರ್ಕಾರವೇ ನಮ್ಮ ಆ್ಯಪ್ ಒಪ್ಪಿದೆ' ಎಂದು ಹೇಳಿಕೊಂಡೀತು, ಇಲ್ಲವೇ ಅಂಕಿ ತಪ್ಪಾಗಿ ಯಾರಿಗಾದರೂ ನಷ್ಟವಾದರೆ ಕಚೇರಿಯ ತಲೆಗೆ ಬಂದೀತು. ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಪರವಾನಗಿಗಳನ್ನು ರೂಪಿಸುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಸಂಸ್ಥೆಯ ಸಿಸಿ ಬೈ 4.0 ಪರವಾನಗಿಯಲ್ಲಿ ಎರಡಕ್ಕೂ ಉತ್ತರವಿದೆ. ಬಳಸಿದವರಿಗೆ ನಿಮ್ಮ ಬೆಂಬಲವಿದೆ ಎಂದು ಬಿಂಬಿಸುವ ಹಕ್ಕನ್ನು ಅದು ಕೊಡುವುದಿಲ್ಲ, ಖಾತರಿ ಮತ್ತು ಹೊಣೆಗಾರಿಕೆಯ ನಿರಾಕರಣೆಯೂ ಅದರ ಪಠ್ಯದಲ್ಲೇ ಇದೆ. ಮೇಲಧಿಕಾರಿಗಳಿಗೆ ಆ ಎರಡು ಕಲಮುಗಳನ್ನು ತೋರಿಸಿ. ಬಹಳ ಸಲ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ಯಾವ ಪರವಾನಗಿ? ನಿಮ್ಮ ಸರ್ಕಾರವೇ ಒಂದನ್ನು ನಿಗದಿ ಮಾಡಿದ್ದರೆ (ಬ್ರಿಟನ್ನಿನ ಓಪನ್ ಗವರ್ನ್‌ಮೆಂಟ್ ಲೈಸೆನ್ಸ್, ಭಾರತ 2017ರಲ್ಲಿ ಹೊರಡಿಸಿದ ಸರ್ಕಾರಿ ಮುಕ್ತ ಡೇಟಾ ಪರವಾನಗಿ ಅಂಥವು) ಅದನ್ನೇ ಬಳಸಿ. ಇಲ್ಲದಿದ್ದರೆ ಸಿಸಿ ಝೀರೊ ಅಥವಾ ಸಿಸಿ ಬೈ 4.0. ಮೊದಲನೆಯದರಲ್ಲಿ ಎಲ್ಲ ಹಕ್ಕನ್ನೂ ಬಿಟ್ಟುಕೊಡುತ್ತೀರಿ. ಎರಡನೆಯದರಲ್ಲಿ ಮೂಲದ ಹೆಸರು ಹೇಳಬೇಕು, ಪರವಾನಗಿಯ ಕೊಂಡಿ ಕೊಡಬೇಕು, ಬದಲಾವಣೆ ಮಾಡಿದ್ದರೆ ತಿಳಿಸಬೇಕು ಎಂಬ ಷರತ್ತು ಇರುತ್ತದೆ. 4.0 ಎಂಬ ಆವೃತ್ತಿ ಸಂಖ್ಯೆಯನ್ನು ಬಿಡಬೇಡಿ: 2013ರಲ್ಲಿ ಬಂದ ಈ ಆವೃತ್ತಿಯೇ ಡೇಟಾಬೇಸ್ ಹಕ್ಕನ್ನು ಸ್ಪಷ್ಟವಾಗಿ ಒಳಗೊಂಡದ್ದು. ಎರಡರಲ್ಲಿ ನನ್ನ ಒಲವು ಸಿಸಿ ಝೀರೊ ಕಡೆಗೆ. ನೀರಿನ ಡೇಟಾ ಒಂಟಿಯಾಗಿ ಬಳಕೆಯಾಗುವುದು ಕಡಿಮೆ. ಮಳೆ, ಮಣ್ಣು, ಬೆಳೆ ಹೀಗೆ ಹತ್ತಾರು ಮೂಲಗಳ ಜೊತೆ ಬೆರೆಯುತ್ತದೆ, ಪ್ರತಿ ಮೂಲಕ್ಕೂ ಒಂದೊಂದು ಷರತ್ತಿದ್ದರೆ ಬೆರೆಸುವವರಿಗೆ ಅದೇ ದೊಡ್ಡ ಕೆಲಸ. ಉದಾಹರಣೆಗೆ, ಸ್ವಯಂಸೇವಕರು ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನವರು ಸಿಸಿ ಬೈ 4.0 ಡೇಟಾವನ್ನು ತಮ್ಮ ನಕ್ಷೆಗೆ ಸೇರಿಸುವ ಮುನ್ನ ಮೂಲ ಕಚೇರಿಯಿಂದ ಬೇರೆಯಾಗಿ ಒಪ್ಪಿಗೆ ಪತ್ರ ಕೇಳುತ್ತಾರೆ. ಕಚೇರಿಯ ಹೆಸರು ಬರಲೇಬೇಕು ಎಂಬ ಒತ್ತಡವಿದ್ದರೆ ಸಿಸಿ ಬೈ 4.0 ಕೂಡ ಒಳ್ಳೆಯ ಆಯ್ಕೆಯೇ. ಆಗ ಹೆಸರನ್ನು ಹೇಗೆ ಬರೆಯಬೇಕು ಎಂದು ನೀವೇ ಒಂದು ಸಾಲಿನಲ್ಲಿ ಕೊಟ್ಟುಬಿಡಿ. ಸ್ವಂತ ಪರವಾನಗಿ ರಚಿಸುವ ಸಾಹಸ ಮಾತ್ರ ಬೇಡ. ಅದನ್ನು ಯಾವ ವಕೀಲರೂ ಮೊದಲು ಓದಿರುವುದಿಲ್ಲ, ಬೇರೆ ಪರವಾನಗಿಗಳ ಜೊತೆ ಅದು ಹೊಂದುತ್ತದೆಯೇ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂಪಡೆಯಲು ಬರುವುದಿಲ್ಲ. ಆದ್ದರಿಂದ ಕೊಡುವ ಮುನ್ನ ಕೊಡಲು ಹೊರಟದ್ದು ನಿಮ್ಮದೇ ಹೌದೇ ಎಂದು ನೋಡಿಕೊಳ್ಳಿ. ನೀರಿನ ಪರೀಕ್ಷೆಯನ್ನು ಖಾಸಗಿ ಪ್ರಯೋಗಾಲಯ ಮಾಡಿದ್ದರೆ ಗುತ್ತಿಗೆಯಲ್ಲಿ ಫಲಿತಾಂಶದ ಹಕ್ಕು ಯಾರಿಗೆ ಎಂದು ಬರೆದಿದೆ? ವರದಿಯ ನಕ್ಷೆಯ ತಳಪದರ ಯಾರದು? ಬಾವಿಯ ಸ್ಥಳವನ್ನು ಅಲ್ಲಿಗೇ ಹೋಗಿ ಜಿಪಿಎಸ್‌ನಲ್ಲಿ ಅಳೆದಿರೋ, ಅಥವಾ ವಿಳಾಸ ಹಾಕಿ ಯಾವುದೋ ವಾಣಿಜ್ಯ ನಕ್ಷೆಯ ಸೇವೆಯಿಂದ ತೆಗೆದಿರೋ? ಅಂಥ ಸೇವೆಗಳ ಷರತ್ತುಗಳು ಸಿಕ್ಕ ಸ್ಥಳಾಂಕವನ್ನು ಸಂಗ್ರಹಿಸಿ ಹಂಚುವುದನ್ನು ಅನೇಕ ಸಲ ತಡೆಯುತ್ತವೆ. ಸಂದೇಹವಿರುವ ಕಾಲಂ ಬಿಟ್ಟು ಉಳಿದದ್ದನ್ನು ಪ್ರಕಟಿಸಬಹುದು. ಒಂದು ಕಾಲಂಗಾಗಿ ಇಡೀ ಕಡತವನ್ನು ತಡೆಹಿಡಿಯಬೇಕಿಲ್ಲ.

ಪರವಾನಗಿ ಡೇಟಾ ಇರುವ ಪುಟದಲ್ಲೂ ಇರಬೇಕು, ಫೈಲ್ ಜೊತೆಗೆ ಹೋಗುವ ವಿವರಣೆಯಲ್ಲೂ ಇರಬೇಕು, ಏಕೆಂದರೆ ಫೈಲ್ ಕೈಯಿಂದ ಕೈಗೆ ಹೋಗುವಾಗ ಪುಟ ಹಿಂದೆಯೇ ಉಳಿಯುತ್ತದೆ. ಜಾಲತಾಣದ ಅಡಿಯಲ್ಲಿ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ಸಾಲಿದ್ದರೆ ಡೇಟಾ ಪುಟಗಳಿಂದ ಅದನ್ನು ತೆಗೆಸಿ. ನೋಂದಣಿ, ಒಟಿಪಿ, 'ಯಾವ ಉದ್ದೇಶಕ್ಕೆ' ಎಂಬ ಅರ್ಜಿ ಯಾವುದೂ ಬೇಡ. ಕಂಪನಿಗೆ ಪ್ರತ್ಯೇಕ ಅನುಮತಿ ಪತ್ರ ಕೊಡಬೇಡಿ. ಎಲ್ಲರಿಗೂ ಪ್ರಕಟಿಸಿ, ಅದರ ಕೊಂಡಿಯನ್ನು ಅವರಿಗೂ ಕಳಿಸಿ.

ಇನ್ನು ಫೈಲ್. ಪಿಡಿಎಫ್‌ನಿಂದ ಅಂಕಿಗಳನ್ನು ತಿರುಗಿ ಹೆಕ್ಕಲು ಹೋಗಬೇಡಿ. ಆ ಪಿಡಿಎಫ್ ಯಾವ ಎಕ್ಸೆಲ್‌ನಿಂದ ಬಂತೋ ಅದನ್ನು ಹುಡುಕಿ. ಆ ಹಾಳೆ ಮುದ್ರಣಕ್ಕೆಂದು ಮಾಡಿದ್ದಾಗಿರುತ್ತದೆ: ತಲೆಬರಹದಲ್ಲಿ ವರ್ಷ, ಅಡ್ಡಕ್ಕೆ ಹನ್ನೆರಡು ತಿಂಗಳು, ಒಟ್ಟಿಗೆ ಸೇರಿಸಿದ ಕೋಶಗಳಲ್ಲಿ ಊರಿನ ಹೆಸರು, ಕೆಳಗೆ ಸರಾಸರಿ. ಕಣ್ಣಿಗೆ ಚೆಂದ, ಪ್ರೋಗ್ರಾಂಗೆ ಸಂಕಟ. ಒಂದು ಅಳತೆಗೆ ಒಂದು ಸಾಲು ಬರುವ ಹಾಗೆ ಅದನ್ನು ಉದ್ದಕ್ಕೆ ಬಿಡಿಸಿ, ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಆಗಿ ಉಳಿಸಿ:

ಬಾವಿ_ಐಡಿ,ದಿನಾಂಕ,ನೀರಿನ_ಆಳ_ಮೀ,ಸ್ಥಿತಿ
ಬಾ0047,2023-05-16,18.35,ಅಳೆದಿದೆ
ಬಾ0047,2023-06-15,,ಒಣಗಿದೆ
ಬಾ0047,2023-07-17,,ಅಳೆದಿಲ್ಲ

ಈ ನಾಲ್ಕು ಸಾಲುಗಳಲ್ಲಿ ಗಮನಿಸಬೇಕಾದದ್ದು ಬಹಳ ಇದೆ. ಮುಖ್ಯವಾದದ್ದು ಖಾಲಿ ಜಾಗ. ಬಾವಿ ಒಣಗಿದ್ದಾಗ ಕ್ಷೇತ್ರ ಸಿಬ್ಬಂದಿ ರೂಢಿಯಂತೆ 0 ಬರೆಯುವುದುಂಟು. ಆದರೆ ಕಾಲಂ ಹೇಳುತ್ತಿರುವುದು ನೆಲಮಟ್ಟದಿಂದ ನೀರಿನ ಆಳವನ್ನು. ಅಲ್ಲಿ 0 ಎಂದರೆ ನೀರು ನೆಲದ ಮಟ್ಟಕ್ಕೇ ಬಂದಿದೆ ಎಂದರ್ಥ! ಬತ್ತಿದ ಬಾವಿ ತುಂಬಿ ತುಳುಕುವ ಬಾವಿಯಾಗಿಬಿಡುತ್ತದೆ, ಅದೂ ಬರದ ವರ್ಷದಲ್ಲೇ, ಅತಿ ಹೆಚ್ಚು ಬಾವಿಗಳು ಒಣಗಿದಾಗಲೇ, ಸರಾಸರಿ ಅತಿ ಚೆನ್ನಾಗಿ ಕಾಣುತ್ತದೆ. −999 ಎಂದು ಬರೆಯುವ ಪದ್ಧತಿಯೂ ಇದೆ. ಗೊತ್ತಿಲ್ಲದವರು ಸರಾಸರಿ ತೆಗೆದರೆ ಅದೂ ಕೆಡಿಸುತ್ತದೆ. ಅಂಕಿಯ ಜಾಗ ಖಾಲಿ ಬಿಟ್ಟು, ಕಾರಣವನ್ನು ಪಕ್ಕದ ಕಾಲಂನಲ್ಲಿ ಹೇಳಿ. ಒಣಗಿದ್ದು ಮತ್ತು ಅಳೆಯದೇ ಉಳಿದದ್ದು ಒಂದೇ ಅಲ್ಲ. ಮೊದಲನೆಯದು ಅತ್ಯಂತ ಬೆಲೆಯುಳ್ಳ ಮಾಹಿತಿ, ಎರಡನೆಯದು ಮಾಹಿತಿಯ ಕೊರತೆ.

ಬಾವಿ ಸಂಖ್ಯೆಯ ಮುಂದೆ 'ಬಾ' ಇರುವುದು ಅಲಂಕಾರಕ್ಕಲ್ಲ. 0047 ಎಂದಷ್ಟೇ ಬರೆದರೆ ಎಕ್ಸೆಲ್ ತೆರೆದ ಕೂಡಲೇ ಅದನ್ನು 47 ಮಾಡುತ್ತದೆ, ಮತ್ತೆ ಉಳಿಸಿದರೆ ಬೇರೆ ಕೋಷ್ಟಕದ ಜೊತೆ ತಾಳೆಯಾಗುವುದಿಲ್ಲ. ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲೇ ಇರಲಿ. 03/04/2021 ಎಂದರೆ ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. ಮಾನವನ್ನು ಕಾಲಂ ಹೆಸರಿನಲ್ಲೇ ಸೇರಿಸಿ, ಅಂಕಿಯ ಪಕ್ಕದಲ್ಲಿ 'ಮೀ' ಬರೆಯಬೇಡಿ. ಆಳವನ್ನು ನೆಲದಿಂದ ಅಳೆದಿರೋ ಅಥವಾ ಕೊಳವೆಯ ಬಾಯಿಂದಲೋ ಎಂಬುದನ್ನು ಬರೆದೇ ತೀರಬೇಕು: ಕೊಳವೆ ನೆಲದಿಂದ ಅರ್ಧ ಮೀಟರ್ ಎದ್ದಿದ್ದರೆ ಅಷ್ಟೂ ವ್ಯತ್ಯಾಸ ಪ್ರತಿ ಅಳತೆಯಲ್ಲೂ ಸೇರುತ್ತದೆ. ಇಂಥ ಬದಲಾಗದ ವಿವರಗಳಿಗೆ, ಅಂದರೆ ಸ್ಥಳ, ಬಾವಿಯ ಒಟ್ಟು ಆಳ, ಕೊಳವೆಯ ಎತ್ತರ, ಬಾವಿಯ ಬಗೆ ಇವಕ್ಕೆ, ಬಾವಿಗೊಂದು ಸಾಲಿನ ಬೇರೆ ಕೋಷ್ಟಕ ಮಾಡಿ.

ಅಕ್ಷಾಂಶ, ರೇಖಾಂಶಗಳನ್ನು ಎರಡು ಕಾಲಂಗಳಲ್ಲಿ ದಶಮಾಂಶ ಡಿಗ್ರಿಯಾಗಿ ಕೊಡಿ, ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಸ್ಥಳಾಂಕ ಪದ್ಧತಿ) ಎಂದು ನಮೂದಿಸಿ. ಹಳೆಯ ದಾಖಲೆಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಸಿಗುತ್ತದೆ: 12 ಡಿಗ್ರಿ 30 ನಿಮಿಷ ಎಂಬುದನ್ನು 12.30 ಎಂದು ಬರೆದಿರುತ್ತಾರೆ. ಸರಿಯಾದದ್ದು 12.50. ಈ 0.20 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 22 ಕಿಲೋಮೀಟರ್! ಪತ್ತೆ ಮಾಡುವುದು ಸುಲಭ: ಇಡೀ ಕಾಲಂನಲ್ಲಿ ದಶಮಾಂಶದ ಮೊದಲ ಎರಡು ಅಂಕಿ 59ನ್ನು ಎಲ್ಲೂ ದಾಟಿಲ್ಲವಾದರೆ ಅವು ನಿಮಿಷಗಳೇ ಇರಬೇಕು. ಎಲ್ಲ ಬಾವಿಗಳನ್ನೂ ಒಮ್ಮೆ ನಕ್ಷೆಯ ಮೇಲೆ ಹಾಕಿ ನೋಡಿದರೆ ಅಕ್ಷಾಂಶ-ರೇಖಾಂಶ ಅದಲುಬದಲಾದವು ತಾವಾಗಿಯೇ ದೂರದಲ್ಲಿ ಕಾಣಿಸಿಕೊಳ್ಳುತ್ತವೆ.

ಗುಣಮಟ್ಟದ ಕೋಷ್ಟಕದಲ್ಲಿ ಕೆಲಸ ಹೆಚ್ಚು. ಪ್ರಯೋಗಾಲಯ ಫ್ಲೋರೈಡ್ ಜಾಗದಲ್ಲಿ '<0.1' ಎಂದೋ 'ಬಿಡಿಎಲ್' ಎಂದೋ ಬರೆದಿರುತ್ತದೆ, ಉಪಕರಣ ಪತ್ತೆ ಹಚ್ಚಬಲ್ಲ ಮಿತಿಗಿಂತ ಕಡಿಮೆ ಎಂದು. ಅದನ್ನು ಹಾಗೇ ಬಿಟ್ಟರೆ ಇಡೀ ಕಾಲಂ ಅಂಕಿಯಾಗಿ ಉಳಿಯದೆ ಪಠ್ಯವಾಗುತ್ತದೆ. 0 ಮಾಡಿದರೆ ಇಲ್ಲದ ನಿಖರತೆಯನ್ನು ತೋರಿಸಿದಂತಾಗುತ್ತದೆ. ಮೌಲ್ಯಕ್ಕೆ ಒಂದು ಕಾಲಂ, '<' ಚಿಹ್ನೆಗೆ ಪಕ್ಕದಲ್ಲೊಂದು ಕಾಲಂ ಇಡಿ: 0.1 ಮತ್ತು <. ಪ್ರಯೋಗಾಲಯ ಅಥವಾ ವಿಧಾನ ಬದಲಾದರೆ ಈ ಮಿತಿಯೂ ಬದಲಾಗುತ್ತದೆ, ಹಾಗಾಗಿ ವಿಧಾನದ ಹೆಸರಿಗೂ ಒಂದು ಕಾಲಂ ಬೇಕು. ನೈಟ್ರೇಟ್ ವಿಚಾರದಲ್ಲಿ ಇನ್ನೊಂದು ಗುಂಡಿ ಇದೆ. ಕೆಲವರು ಅದನ್ನು ನೈಟ್ರೇಟ್ ಆಗಿ, ಕೆಲವರು ಅದರೊಳಗಿನ ನೈಟ್ರೋಜನ್ ಆಗಿ ಲೆಕ್ಕ ಕೊಡುತ್ತಾರೆ. ಎರಡರ ನಡುವೆ 4.43 ಪಟ್ಟು ಅಂತರ. ಲೀಟರಿಗೆ 10 ಮಿಲಿಗ್ರಾಂ ಎಂಬುದು ಒಂದು ಲೆಕ್ಕದಲ್ಲಿ ನಿಶ್ಚಿಂತೆ, ಇನ್ನೊಂದರಲ್ಲಿ ಕುಡಿಯುವ ನೀರಿನ ಮಿತಿಯ ಅಂಚು. ಕಾಲಂ ಹೆಸರಿನಲ್ಲಿ ಯಾವುದೆಂದು ಬರೆಯದಿದ್ದರೆ ಆ ಅಂಕಿಯನ್ನು ನಂಬುವುದು ಅಪಾಯ.

ಊರಿನ ಹೆಸರು, ಟಿಪ್ಪಣಿಗಳು ಕನ್ನಡದಲ್ಲಿದ್ದರೆ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಲೂ ಸಿಗುವುದಿಲ್ಲ. ಪರಿವರ್ತಕದಿಂದ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಿನಿಂದ ಪರೀಕ್ಷಿಸಿ. ಎಕ್ಸೆಲ್‌ನಿಂದ ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಎಂಬ ಆಯ್ಕೆಯನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ತಿರುಗಿ ಬರುವುದಿಲ್ಲ.

ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಫಾರ್ಮ್ಯಾಟ್‌ನಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್ ಆರಂಭದಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋಗಿದ್ದು ಬಯಲಾಯಿತು, ಕಾರಣ ಈ ಮಿತಿಯೇ. ನಿಮ್ಮ 340 ಬಾವಿಗಳ 12 ವರ್ಷದ ಮಟ್ಟಗಳು 48,960 ಸಾಲಾಗುತ್ತವೆ. 16 ವರ್ಷ ತುಂಬಿದ ಮರುತಿಂಗಳೇ ಹಳೆಯ ಹಾಳೆ ಉಕ್ಕುತ್ತದೆ. ಸಿಎಸ್‌ವಿಗೆ ಈ ಮಿತಿಯಿಲ್ಲ, ಇಡೀ ಕಡತ ಸುಮಾರು 2 ಎಂಬಿ ಆದೀತು. ಇಷ್ಟು ಸಣ್ಣ ಡೇಟಾಕ್ಕೆ ಎಪಿಐ (ಪ್ರೋಗ್ರಾಂಗಳು ಬೇಕಾದಷ್ಟೇ ಡೇಟಾವನ್ನು ಕೇಳಿ ಪಡೆಯುವ ವ್ಯವಸ್ಥೆ) ಮಾಡಿಸಲು ಹಣ ಸುರಿಯುವುದು ಅನಗತ್ಯ. ಇಡೀ ಫೈಲ್ ಒಂದೇ ಸಲಕ್ಕೆ ಸಿಗುವ ಒಂದು ಕೊಂಡಿ ಸಾಕು.

ಖಾಸಗಿತನದ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡುವಂತಿಲ್ಲ. ವೀಕ್ಷಣಾ ಬಾವಿಗಳಲ್ಲಿ ಕೆಲವಾದರೂ ಖಾಸಗಿ ಜಮೀನಿನಲ್ಲಿರುತ್ತವೆ. ರಿಜಿಸ್ಟರಿನಲ್ಲಿ ಮಾಲೀಕರ ಹೆಸರು, ಫೋನ್ ಸಂಖ್ಯೆ ಇರುತ್ತದೆ. ಅವನ್ನು ತೆಗೆಯುವುದು ಸರಿ, ಅಷ್ಟೇ ಸಾಲದು. ದಶಮಾಂಶದ ನಂತರ ಐದು ಅಂಕಿಗಳಿರುವ ಸ್ಥಳಾಂಕ ಸುಮಾರು 1 ಮೀಟರ್ ನಿಖರ, ಅದು ನೇರವಾಗಿ ಮಾಲೀಕರ ಮನೆ ಬಾಗಿಲಿಗೆ ಕರೆದೊಯ್ಯುತ್ತದೆ. ಸಾರ್ವಜನಿಕ ಜಾಗದ ಬಾವಿಗೆ ಪೂರ್ಣ ಸ್ಥಳಾಂಕ ಕೊಡಿ; ಒಪ್ಪಿಗೆ ಕೊಡದವರ ಬಾವಿಗೆ ಎರಡು ದಶಮಾಂಶಕ್ಕೆ ಇಳಿಸಿ (ಆಗ ನಿಖರತೆ ಸುಮಾರು 1 ಕಿಲೋಮೀಟರ್‌ಗೆ ಬರುತ್ತದೆ), ಹಾಗೆ ಇಳಿಸಿದ್ದೀರಿ ಎಂದು ಒಂದು ಕಾಲಂನಲ್ಲಿ ತಿಳಿಸಿ. ಸ್ಥಳವನ್ನು ಪ್ರತಿ ಪ್ರಕಟಣೆಯಲ್ಲೂ ಬೇರೆ ಬೇರೆ ದಿಕ್ಕಿಗೆ ಸರಿಸುವ ಉಪಾಯ ಮಾಡಬೇಡಿ, ಹಲವು ಆವೃತ್ತಿಗಳ ಸರಾಸರಿ ತೆಗೆದರೆ ನಿಜವಾದ ಜಾಗ ಹೊರಬರುತ್ತದೆ. ಜಮೀನಿನ ಸಂಖ್ಯೆಯನ್ನು ಹ್ಯಾಶ್ ಮಾಡಿ (ಅಂದರೆ ಸೂತ್ರವೊಂದರಿಂದ ಗುರುತು ಸಿಗದ ಅಕ್ಷರಮಾಲೆಯಾಗಿ ಬದಲಿಸಿ) ಐಡಿಯಾಗಿ ಬಳಸುವುದೂ ಬೇಡ. ನ್ಯೂಯಾರ್ಕ್ ನಗರದ ಟ್ಯಾಕ್ಸಿ ಪ್ರಯಾಣಗಳ ಡೇಟಾ 2014ರಲ್ಲಿ ಹೊರಬಂದಾಗ ಟ್ಯಾಕ್ಸಿ ಸಂಖ್ಯೆಗಳನ್ನು ಎಂಡಿ5 ಎಂಬ ಸೂತ್ರದಿಂದ ಹ್ಯಾಶ್ ಮಾಡಿದ್ದರು. ಸಾಧ್ಯವಿರುವ ಸಂಖ್ಯೆಗಳು ಸೀಮಿತವಾದ್ದರಿಂದ ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಿ ಮೂಲ ಸಂಖ್ಯೆಗಳನ್ನು ಬೇಗನೆ ಬಿಡಿಸಿದರು. ಜಮೀನಿನ ಸಂಖ್ಯೆಗಳೂ ಹಾಗೆಯೇ ಎಣಿಕೆಗೆ ಸಿಗುವಷ್ಟಿರುತ್ತವೆ. ಸುಮ್ಮನೆ ಬಾ0001ರಿಂದ ಯಾದೃಚ್ಛಿಕವಾಗಿ ಹೊಸ ಸಂಖ್ಯೆ ಕೊಡಿ, ಹೊಂದಾಣಿಕೆಯ ಪಟ್ಟಿ ಕಚೇರಿಯಲ್ಲೇ ಇರಲಿ.

ಫೈಲ್ ಜೊತೆ ಒಂದು ಪುಟದ ವಿವರಣೆ ಬರೆಯಿರಿ: ಪ್ರತಿ ಕಾಲಂನ ಅರ್ಥ, ಮಾನ, ಸ್ಥಿತಿ ಕಾಲಂನಲ್ಲಿ ಬರಬಹುದಾದ ಪದಗಳು, ಅಳೆಯುವ ವಿಧಾನ, ಯಾವ ವರ್ಷ ಟೇಪಿನಿಂದ ಸ್ವಯಂಚಾಲಿತ ಉಪಕರಣಕ್ಕೆ ಬದಲಾಯಿತು, ಯಾವ ಬಾವಿ ಕೈಬಿಟ್ಟು ಬದಲಿ ಬಾವಿ ಹಿಡಿದಿರಿ, ಪರವಾನಗಿ, ತಪ್ಪು ಕಂಡವರು ಬರೆಯಬೇಕಾದ ಕಚೇರಿಯ ವಿಳಾಸ. ಬದಲಿ ಬಾವಿಗೆ ಹಳೆಯ ಐಡಿಯನ್ನೇ ಮುಂದುವರಿಸುವ ಅಭ್ಯಾಸ ಕೆಲವೆಡೆ ಇದೆ. ಅದರಿಂದ ನೀರು ರಾತ್ರೋರಾತ್ರಿ ಆರು ಮೀಟರ್ ಇಳಿದಂತೆ ಕಾಣುತ್ತದೆ. ಹೊಸ ಬಾವಿಗೆ ಹೊಸ ಐಡಿಯೇ ಆಗಬೇಕು. ಸರ್ಕಾರಿ ಡೇಟಾ ಪೋರ್ಟಲ್‌ಗೆ ಹಾಕುವುದಾದರೆ ಡಿಕ್ಯಾಟ್ ಎಂಬ ಸಿದ್ಧ ಮಾದರಿಯಲ್ಲಿ ಮೆಟಾಡೇಟಾ (ಡೇಟಾದ ಬಗೆಗಿನ ವಿವರ) ಕೇಳುತ್ತಾರೆ. ಈ ಪುಟ ಸಿದ್ಧವಿದ್ದರೆ ಅದನ್ನು ತುಂಬಲು ಹೆಚ್ಚು ಹೊತ್ತು ಬೇಕಿಲ್ಲ.

ಕೊಂಡಿ ಬದಲಾಗಬಾರದು. ಇತ್ತೀಚಿನ ಫೈಲ್ ಯಾವಾಗಲೂ ಒಂದೇ ವಿಳಾಸದಲ್ಲಿರಲಿ, ಹಳೆಯ ಆವೃತ್ತಿಗಳು ದಿನಾಂಕದ ಹೆಸರಿನಲ್ಲಿ ಪಕ್ಕದಲ್ಲೇ ಉಳಿಯಲಿ. ಹಿಂದಿನ ಅಂಕಿ ತಿದ್ದಿದರೆ ಯಾವ ಸಾಲು, ಏನಿತ್ತು, ಏನಾಯಿತು, ಏಕೆ ಎಂದು ತಿದ್ದುಪಡಿ ಪಟ್ಟಿಯಲ್ಲಿ ಬರೆಯಿರಿ. ಸದ್ದಿಲ್ಲದೆ ಬದಲಿಸಿದ ಒಂದು ಅಂಕಿ ಸಾಕು, ಕಳೆದ ವರ್ಷ ನಿಮ್ಮ ಡೇಟಾ ಬಳಸಿ ಬರೆದ ಸಂಶೋಧಕರ ಲೆಕ್ಕ ತಾಳೆಯಾಗದೆ ಹೋಗಲು.

ಶುರು ಎಲ್ಲಿಂದ ಎಂದರೆ ಕಳೆದ ವರ್ಷದಿಂದ. 12 ವರ್ಷದ್ದನ್ನೂ ಶುದ್ಧ ಮಾಡಿದ ಮೇಲೆ ಪ್ರಕಟಿಸೋಣ ಎಂದು ಕುಳಿತರೆ ಕೆಲಸ ಮುಗಿಯುವುದಿಲ್ಲ. ಒಂದು ವರ್ಷದ 4,080 ಸಾಲುಗಳನ್ನು ಮೇಲಿನ ರೂಪಕ್ಕೆ ತಂದು, ವಿವರಣೆಯ ಪುಟ ಸೇರಿಸಿ, ಬೇರೆ ವಿಭಾಗದ ಒಬ್ಬರ ಕೈಗೆ ಕೊಡಿ. ಯಾವ ಬಾವಿಗಳು ಮೇ ತಿಂಗಳಲ್ಲಿ ಒಣಗಿದ್ದವು, ಅತಿ ಆಳದ ಅಳತೆ ಯಾವುದು, ಎಷ್ಟು ಅಳತೆಗಳು ತಪ್ಪಿಹೋಗಿವೆ, ಈ ಮೂರನ್ನು ನಿಮ್ಮನ್ನು ಏನೂ ಕೇಳದೆ ಕಂಡುಹಿಡಿಯಲಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಿವರಣೆಯನ್ನು ತಿದ್ದಿ ಪ್ರಕಟಿಸಿ. ಆಮೇಲೆ ಒಂದೊಂದೇ ವರ್ಷ ಹಿಂದಕ್ಕೆ ಹೋಗಿ. ಮೂಲ ರಿಜಿಸ್ಟರಿನೊಂದಿಗೆ ಇನ್ನೂ ತಾಳೆ ನೋಡದ ಹಳೆಯ ವರ್ಷಗಳಿಗೆ 'ಪರಿಶೀಲನೆ' ಎಂಬ ಕಾಲಂನಲ್ಲಿ 'ಆಗಿಲ್ಲ' ಎಂದು ಬರೆದು ಅವನ್ನೂ ಹೊರಬಿಡಿ. ಬಳಸುವವರು ಎಷ್ಟು ನಂಬಬೇಕೆಂದು ತಾವೇ ತೀರ್ಮಾನಿಸುತ್ತಾರೆ, ಮತ್ತು ನಿಮ್ಮ ಕಣ್ಣಿಗೆ ಬೀಳದ ತಪ್ಪುಗಳನ್ನು ಬರೆದು ತಿಳಿಸುವವರೂ ಅವರೇ.